ಲೋಚೆಂಟಾಲ್‌ನ ಮುಖವಾಡಗಳು: ಒಂದು ‘ಪುರಾತನ’ ಆಚರಣೆಯ ಇತ್ತೀಚಿನ ಚರಿತ್ರೆ

ಫೆಬ್ರವರಿ 2ರ ಕ್ಯಾಂಡಲ್‌ಮಸ್ ಹಬ್ಬ ಕಳೆಯಿತೆಂದರೆ ಸ್ವಿಟ್ಜರ್ಲೆಂಡಿನ ಲೋಚೆಂಟಾಲ್ ಕಣಿವೆಯಲ್ಲಿ ‘ಚೆಗ್ಗೆಟ್ಟೆ’ಗಳ ಹಾವಳಿ ಶುರು. ಕುರಿ, ಮೇಕೆಯ ತೊಗಲು ಹೊದ್ದು, ಸೊಂಟಕ್ಕೆ ಹಸುವಿನ ಗಂಟೆ ಬಿಗಿದು, ಮರದ ವಿಕಾರ ಮುಖವಾಡ ತೊಟ್ಟವರು ಎದುರು ಸಿಕ್ಕವರನ್ನು ಅಟ್ಟಿಸಿಕೊಂಡು ಹೋಗಿ ಮುಖಕ್ಕೆ ಹಿಮ ಉಜ್ಜುತ್ತಾರೆ. ಲೆಂಟ್ ಉಪವಾಸದ ಮುನ್ನಾದಿನ ಎಲ್ಲವೂ ಮುಗಿಯುತ್ತದೆ. ಇದನ್ನು ನೋಡಲೆಂದೇ ರಜೆ ಹಾಕಿ ಬರುವವರಿಗೆ ಸಿಗುವ ವಿವರಣೆ ಬಹುಮಟ್ಟಿಗೆ ಒಂದೇ: ಕ್ರೈಸ್ತಪೂರ್ವ ಕಾಲದ ಪದ್ಧತಿ, ಚಳಿಗಾಲದ ದೆವ್ವಗಳನ್ನು ಓಡಿಸುವ ಉಪಾಯ.

ದಾಖಲೆಗಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲ.

ಆಚರಣೆ ಬರಹದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು 19ನೇ ಶತಮಾನದ ಉತ್ತರಾರ್ಧದಲ್ಲಿ, ಅದೂ ಕಣಿವೆಯ ಕಿಪ್ಪೆಲ್ ಹಳ್ಳಿಯ ಚರ್ಚಿನ ಪಾದ್ರಿ ಹೇರಿದ ನಿಷೇಧದ ರೂಪದಲ್ಲಿ. ಇರುವುದನ್ನೇ ತಾನೇ ನಿಷೇಧಿಸುವುದು; ಹಾಗಾಗಿ ಆಚರಣೆ ಅದಕ್ಕಿಂತ ಹಳೆಯದೆನ್ನಬಹುದು, ಎಷ್ಟು ಹಳೆಯದೆಂದು ಅದರಿಂದ ಹೇಳಲಾಗದು. ಕಣಿವೆಯ ನೆರಳಿನ ಪಕ್ಕದಲ್ಲಿದ್ದ ಕಳ್ಳರು ಮುಖವಾಡ ತೊಟ್ಟು ರಾತ್ರಿ ಊರು ದೋಚುತ್ತಿದ್ದರೆಂಬ ಕಥೆಯೂ ಉಂಟು. ಕಥೆ ಸೊಗಸಾಗಿದೆ, ಸಾಕ್ಷ್ಯವಾಗಿ ನಿಲ್ಲದು.

‘ಪುರಾತನ’ ಎಂಬ ಹಣೆಪಟ್ಟಿಗೆ ವಿದ್ವತ್ತಿನ ಮುದ್ರೆ ಬಿದ್ದದ್ದು ಹೊರಗಿನವರಿಂದ. ಬಾಸೆಲ್‌ನ ವೈದ್ಯ ಹಾಗೂ ಜನಾಂಗಶಾಸ್ತ್ರಜ್ಞ ಲಿಯೊಪೋಲ್ಡ್ ರ್ಯೂಟಿಮೆಯರ್ 20ನೇ ಶತಮಾನದ ಆರಂಭದಲ್ಲಿ ಇಲ್ಲಿನ ಮುಖವಾಡಗಳನ್ನು ಸಂಗ್ರಹಿಸಿ, 1907ರಲ್ಲಿ ಅವುಗಳ ಬಗ್ಗೆ ಲೇಖನ ಪ್ರಕಟಿಸಿದ. ಆದಿಮ ಕಾಲದ ಪಳೆಯುಳಿಕೆಗಳು ಯುರೋಪಿನ ಮೂಲೆಗಳಲ್ಲಿ ಬದುಕಿವೆ ಎಂಬುದು ಆ ಕಾಲದ ವಿದ್ವಾಂಸರಿಗೆ ಪ್ರಿಯವಾದ ವಾದ. ಅದಕ್ಕೆ ಹೇಳಿ ಮಾಡಿಸಿದ ಜಾಗ ಈ ಕಣಿವೆ. ವಿಚಿತ್ರವೆಂದರೆ, ‘ಲೋಕದಿಂದ ದೂರ ಉಳಿದ ಕಣಿವೆ’ ಎಂಬ ಕೀರ್ತಿ ಹಬ್ಬಿದ್ದು ರೈಲು ಬಂದ ಮೇಲೆಯೇ. 14.6 ಕಿಲೋಮೀಟರ್ ಉದ್ದದ ಲೋಚ್‌ಬರ್ಗ್ ಸುರಂಗ 1913ರಲ್ಲಿ ತೆರೆಯಿತು, ಕಣಿವೆಯ ಬಾಗಿಲಲ್ಲೇ ಗೊಪ್ಪೆನ್‌ಸ್ಟೈನ್ ನಿಲ್ದಾಣವಾಯಿತು. 1931ರಲ್ಲಿ ಅಮೆರಿಕದ ದಂತವೈದ್ಯ ವೆಸ್ಟನ್ ಪ್ರೈಸ್ ಬಂದು ಮಕ್ಕಳ ಹಲ್ಲು ಪರೀಕ್ಷಿಸಿ, ರೈ ಬ್ರೆಡ್ಡು, ಗಿಣ್ಣು, ಬೆಣ್ಣೆಯ ಊಟವನ್ನು ಹೊಗಳಿದ. ಅವನಿಗೂ ಬೇಕಿದ್ದದ್ದು ಆಧುನಿಕತೆ ಸೋಂಕದ ಜನ.

ಈ ನೋಟಕ್ಕೆ ಕಣಿವೆಯವರು ಸುಮ್ಮನೆ ಮಾದರಿಗಳಾಗಿ ನಿಂತಿರಲಿಲ್ಲ. ಕಿಪ್ಪೆಲ್‌ನಲ್ಲಿ ಮನೆ ಮಾಡಿ 1969ರಲ್ಲಿ ತೀರಿಕೊಂಡ ಚಿತ್ರಕಾರ ಆಲ್ಬರ್ಟ್ ನೈಫೆಲರ್‌ನಂಥವರ ಆಸಕ್ತಿ, ಸಂಗ್ರಾಹಕರ ಹಣ, ಪ್ರವಾಸಿಗರ ಬೇಡಿಕೆ ಸೇರಿ ಮುಖವಾಡ ಕೆತ್ತನೆ ಸಂಪಾದನೆಯ ದಾರಿಯಾಯಿತು. ಗೋಡೆಗೆ ತೂಗುಹಾಕಲು ಕೊಳ್ಳುವವನಿಗೆ ಹಗುರ ಬೇಕಿಲ್ಲ, ಭಯಂಕರವಾಗಿರಬೇಕು. ಮುಖವಾಡಗಳು ದೊಡ್ಡವಾದವು, ಹಲ್ಲುಗಳು ಹೊರಚಾಚಿದವು. ಹಿಂದೆ ಮದುವೆಯಾಗದ ಗಂಡಸರಿಗಷ್ಟೇ ಮೀಸಲಾಗಿದ್ದ ವೇಷವನ್ನು ಇಂದು ಮದುವೆಯಾದವರೂ ಹೆಂಗಸರೂ ಮಕ್ಕಳೂ ಹಾಕುತ್ತಾರೆ. ಊರೂರಿನಲ್ಲಿ ಹೇಳದೆ ಕೇಳದೆ ನುಗ್ಗುತ್ತಿದ್ದ ಆಟಕ್ಕೆ ನಿಗದಿಯಾದ ಮೆರವಣಿಗೆಯೂ ಜೊತೆಯಾಯಿತು.

ಇದನ್ನು ನಕಲಿ ಎಂದು ತಳ್ಳಿಹಾಕುವುದು ಅವಸರದ ತೀರ್ಪು. ಅದೇ ಕಣಿವೆಯ ‘ದೇವರ ಗ್ರೆನೇಡಿಯರ್’ಗಳನ್ನು ನೋಡಿ: ಕಾರ್ಪಸ್ ಕ್ರಿಸ್ಟಿ ಹಬ್ಬದಲ್ಲಿ ಕೆಂಪು ಕೋಟು, ಬಿಳಿ ಷರಾಯಿ, ಕರಡಿ ತೊಗಲಿನ ಟೋಪಿಯಲ್ಲಿ ಸಾಲುಗಟ್ಟುವ ಇವರ ಸಮವಸ್ತ್ರದ ಮೂಲ, ಪರದೇಶದ ಅರಸರ ಬಳಿ ಕೂಲಿ ಸೈನಿಕರಾಗಿ ದುಡಿದು ಬಂದವರ ಉಡುಪು. ಬಂದದ್ದು ಹೊರಗಿನಿಂದ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಆದರೂ ಅದು ಕಣಿವೆಯ ಸ್ವಂತದ್ದೇ.

1982ರಲ್ಲಿ ಕಿಪ್ಪೆಲ್‌ನಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೆ ಈಗ ಬೇರೆಯೇ ತೂಕ ಬಂದಿದೆ. 2025ರ ಮೇ 28ರಂದು ಬಿರ್ಚ್ ಹಿಮನದಿ ಕುಸಿದು ಇದೇ ಕಣಿವೆಯ ಬ್ಲಾಟೆನ್ ಹಳ್ಳಿಯ ಬಹುಭಾಗವನ್ನು ಹೂತುಹಾಕಿತು. ಸುಮಾರು 300 ನಿವಾಸಿಗಳನ್ನು ಕೆಲವು ದಿನ ಮೊದಲೇ ತೆರವುಗೊಳಿಸಲಾಗಿತ್ತು. ಕಾರ್ನಿವಲ್ ವಾರದ ಗುರುವಾರ ರಾತ್ರಿ ಚೆಗ್ಗೆಟ್ಟೆಗಳ ಓಟ ಫೆರ್ಡೆನ್ ಹಳ್ಳಿಯ ಕಡೆಗೆ ಹೊರಡುತ್ತಿದ್ದದ್ದು ಬ್ಲಾಟೆನ್‌ನಿಂದಲೇ. ಅಲ್ಲಿನ ಮರದ ಮನೆಗಳನ್ನು ಅಧ್ಯಯನ ಮಾಡುವವರಿಗೆ ಇನ್ನು ಮುಂದೆ ಹಳೆಯ ಚಿತ್ರ, ಫೋಟೋ, ಅಳತೆಯ ನಕ್ಷೆಗಳೇ ಮುಖ್ಯ ಆಕರ. ಊರನ್ನು ಅದೇ ಕಣಿವೆಯಲ್ಲಿ ಮತ್ತೆ ಕಟ್ಟಬೇಕೆಂಬುದು ಊರವರ ನಿರ್ಧಾರ.