ಆಟದೊಳಗಿನ ಉಡುಪಿನ ವ್ಯಾಪಾರ: ಒಂದು ಚಾರಿತ್ರಿಕ ವಿಚಾರ

ವೀಡಿಯೋ ಆಟಗಳೊಳಗೆ ಹಣಕ್ಕೆ ಮಾರಾಟವಾಗುವ ಉಡುಪುತೊಡುಪುಗಳಿಂದ ಯಾರಿಗೂ ಕೇಡಿಲ್ಲವೆಂಬ ಮಾತು ಈಚಿನ ಇಪ್ಪತ್ತು ವರ್ಷಗಳಲ್ಲಿ ಒಂದು ಸಿದ್ಧಾಂತದ ಹಾಗೆ ನೆಲೆನಿಂತಿದೆ. ಆಟಗಳನ್ನು ತಯಾರಿಸುವ ಕಂಪೆನಿಗಳು ಅದನ್ನು ಸಾರುತ್ತವೆ. ಆಡುವ ತರುಣರು ಅದನ್ನೇ ಒಪ್ಪಿ ನುಡಿಯುತ್ತಾರೆ. ಎಲ್ಲಿಯೂ ಇಲ್ಲದ ಅಂಗಿಯೊಂದಕ್ಕೆ ಮಗನು ಐನೂರು ರೂಪಾಯಿ ತೆತ್ತನೆಂದು ತಿಳಿದು ಬೆರಗಾದ ತಂದೆಗೆ ಮನೆಯಲ್ಲಿ ದೊರೆಯುವ ಸಮಾಧಾನವೂ ಅದೇ. ಈ ಮಾತು ಎಲ್ಲಿ ಹುಟ್ಟಿತು, ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು, ಅನಂತರ ಬೇರೆ ಯಾವ ಪ್ರಶ್ನೆಗಳಿಗೆ ಅದನ್ನೇ ಉತ್ತರವಾಗಿ ಒಡ್ಡಲಾಯಿತು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಇಂಥ ಆಟಗಳ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು ಹೇಳುವುದು ಅವಶ್ಯ. ಆಟಗಾರನು ತೆರೆಯ ಮೇಲೆ ಒಂದು ಬೊಂಬೆಯನ್ನು ನಡೆಸುತ್ತಾನೆ. ಆ ಬೊಂಬೆಯ ಅಂಗಿ, ಅದರ ಟೊಪ್ಪಿಗೆ, ಅದರ ಕೈಯಲ್ಲಿರುವ ಬಂದೂಕಿನ ಬಣ್ಣ, ಇವುಗಳನ್ನು ಮಾರ್ಪಡಿಸುವ ಚಿತ್ರರೂಪದ ಸಾಮಗ್ರಿಗೆ ‘ಸ್ಕಿನ್’ ಎಂದು ಹೆಸರು. ಅದನ್ನು ತೊಟ್ಟ ಬೊಂಬೆಯು ಹೆಚ್ಚು ವೇಗವಾಗಿ ಓಡದು. ಅದರ ಗುಂಡು ಹೆಚ್ಚು ಆಳವಾಗಿ ನಾಟದು. ಹಣ ಕೊಟ್ಟು ಬಲವನ್ನೇ ಕೊಳ್ಳಬಹುದಾದ ಆಟಗಳು ಬೇರೆ ಉಂಟು. ಅಲ್ಲಿ ಸಿರಿವಂತನು ಗೆಲ್ಲುತ್ತಾನೆ, ಬಡವನು ಸೋಲುತ್ತಾನೆ. ಅದಕ್ಕೆ ಹೋಲಿಸಿದಾಗ ಸ್ಕಿನ್ನಿನ ಮಾರಾಟವು ನ್ಯಾಯವಾದುದೆಂದು ತೋರುವುದು ಸಹಜವೇ ಆಗಿದೆ.

ಉಡುಪಿಗೆ ಬಲವಿಲ್ಲವೆಂಬ ಮಾತಾದರೋ ಚರಿತ್ರೆಯನ್ನು ಓದಿದವರಿಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗತಕ್ಕದ್ದಲ್ಲ. ಇಂಗ್ಲೆಂಡಿನಲ್ಲಿ ಮೂರನೆಯ ಎಡ್ವರ್ಡನ ಆಳ್ವಿಕೆಯಲ್ಲಿ, ಕ್ರಿ.ಶ. ೧೩೬೩ರಲ್ಲಿ, ಯಾವ ಅಂತಸ್ತಿನವರು ಎಷ್ಟು ಬೆಲೆಯ ಬಟ್ಟೆಯನ್ನು ಉಡಬಹುದೆಂದು ಶಾಸನವೇ ಆಯಿತು. ಅಂಥ ಕಟ್ಟಳೆಗಳು ಮತ್ತೆ ಮತ್ತೆ ಹುಟ್ಟಿ ೧೬೦೪ರಲ್ಲಿ ರದ್ದಾದುವು. ನಮ್ಮ ನಾಡಿನ ದೊರೆಗಳೂ ಬೆಳ್ಗೊಡೆ, ಚಾಮರ, ಪಲ್ಲಕ್ಕಿಗಳ ಮರ್ಯಾದೆಯನ್ನು ಬಿರುದುಗಳೊಡನೆ ದಯಪಾಲಿಸುತ್ತಿದ್ದರು. ಬೆಳ್ಗೊಡೆಯ ನೆರಳಿನಲ್ಲಿ ಯಾರ ಕತ್ತಿಯೂ ಹರಿತವಾಗಲಿಲ್ಲ. ಆದರೂ ಅದಕ್ಕಾಗಿ ಜನ ಹೊಡೆದಾಡಿದರು. ಇದಿಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಕೃತಕ್ಕೆ ಬರೋಣ.

ಈ ವ್ಯಾಪಾರದ ತೌರುಮನೆ ದಕ್ಷಿಣ ಕೊರಿಯಾವೆಂದು ಹೇಳಬಹುದು. ಆ ದೇಶದಲ್ಲಿ ಆಟದ ಮುದ್ರಿಕೆಗಳನ್ನು ಕೊಳ್ಳುವವರಿಗಿಂತ ಕಳ್ಳಪ್ರತಿ ಮಾಡಿಕೊಳ್ಳುವವರೇ ಹೆಚ್ಚಾಗಿ, ಮಾರಾಟದಿಂದ ಲಾಭವು ದುರ್ಲಭವಾಯಿತು. ೨೦೦೦ದ ಸುಮಾರಿಗೆ ಸೇಕ್ಲಬ್ ಎಂಬ ಹರಟೆಯ ತಾಣವು ತನ್ನ ಸದಸ್ಯರ ಚಿತ್ರಬೊಂಬೆಗಳಿಗೆ ಅಂಗಿ ಪಾದರಕ್ಷೆಗಳನ್ನು ಮಾರತೊಡಗಿತು. ೨೦೦೩ರಲ್ಲಿ ಹೊರಬಂದ ‘ಮೇಪಲ್‌ಸ್ಟೋರಿ’ ಮುಂತಾದ ಆಟಗಳು, ಬಾಗಿಲನ್ನು ಎಲ್ಲರಿಗೂ ಪುಕ್ಕಟೆಯಾಗಿ ತೆರೆದಿಟ್ಟು, ಒಳಗೆ ಅಂಗಡಿಯನ್ನು ಹೂಡುವ ಕ್ರಮವನ್ನು ಬಲಪಡಿಸಿದುವು.

ಪಾಶ್ಚಾತ್ಯರಿಗೆ ಇದು ಮೊದಲು ನಗೆಗೀಡಾಯಿತು. ೨೦೦೬ನೆಯ ಏಪ್ರಿಲಿನಲ್ಲಿ ಅಮೆರಿಕಾದ ಬೆಥೆಸ್ಡಾ ಕಂಪೆನಿಯು ‘ಆಬ್ಲಿವಿಯನ್’ ಎಂಬ ತನ್ನ ಆಟದ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿತು. ಆಟವನ್ನು ಪೂರ್ತಿ ಬೆಲೆ ತೆತ್ತು ಕೊಂಡವರು, ಕುದುರೆಯ ಚೆಂದಕ್ಕೆ ಮತ್ತೆ ದುಡ್ಡೇ ಎಂದು ಹಾಸ್ಯಮಾಡಿದರು. ಅಂದಿನಿಂದ ‘ಕುದುರೆಯ ಕವಚ’ವೆಂಬುದು ಆಟಗಾರರೊಳಗೆ ಒಂದು ಗಾದೆಯೇ ಆಗಿಹೋಗಿದೆ. ನಗುತ್ತಲೇ ಕೊಂಡವರೂ ಕಡಮೆಯಿರಲಿಲ್ಲವೆಂಬುದನ್ನು ಮರೆಯಲಾಗದು.

ನಗೆಯು ಗೌರವವಾಗಿ ಮಾರ್ಪಟ್ಟುದು ಮುಂದಿನ ನಾಲ್ಕೈದು ವರ್ಷಗಳಲ್ಲಿ. ‘ಲೀಗ್ ಆಫ್ ಲೆಜೆಂಡ್ಸ್’ ಎಂಬ ಆಟವು ೨೦೦೯ರಲ್ಲಿ ಪುಕ್ಕಟೆಯಾಗಿಯೇ ಹೊರಬಂದು, ವೀರರ ಉಡುಪುಗಳ ಮಾರಾಟವನ್ನು ತನ್ನ ಜೀವನಾಧಾರವಾಗಿ ಮಾಡಿಕೊಂಡಿತು. ವಾಲ್ವ್ ಕಂಪೆನಿಯ ‘ಟೀಮ್ ಫೋರ್‌ಟ್ರೆಸ್ ೨’ ಎಂಬ ಆಟದಲ್ಲಿ ೨೦೦೯ರಲ್ಲಿ ಟೊಪ್ಪಿಗೆಗಳು ಕಾಣಿಸಿಕೊಂಡುವು. ೨೦೧೦ನೆಯ ಸೆಪ್ಟೆಂಬರಿನಲ್ಲಿ ಅಂಗಡಿ ತೆರೆಯಿತು. ೨೦೧೧ನೆಯ ಜೂನಿನಲ್ಲಿ ಆಟವೇ ಉಚಿತವಾಯಿತು. ಆಟಗಾರರಲ್ಲಿ ಕುಶಲರಾದವರು ತಾವೇ ಟೊಪ್ಪಿಗೆಗಳನ್ನು ರಚಿಸಿಕೊಟ್ಟು ಮಾರಾಟದಲ್ಲಿ ಪಾಲು ಪಡೆದರು. ಕಾಸಿಲ್ಲದ ಹುಡುಗನೂ ಕಾಸುಳ್ಳ ಹುಡುಗನೂ ಒಂದೇ ಕಣದಲ್ಲಿ ಸಮಬಲರಾಗಿ ನಿಲ್ಲುವಂತಾಯಿತು. ಖರ್ಚನ್ನು ಶೋಕಿಲಾಲರು ಹೊತ್ತರು. ಇದು ನಿಜವಾಗಿಯೂ ಒಂದು ಒಳ್ಳೆಯ ಏರ್ಪಾಡೆಂದೇ ನಮ್ಮ ಅಭಿಪ್ರಾಯ. ಆಟಗಾರನಿಗೂ ಆಟಗಾರನಿಗೂ ನಡುವೆ ಅನ್ಯಾಯವಾಗುತ್ತದೆಯೇ ಎಂಬ ಪ್ರಶ್ನೆಗೆ, ಉಡುಪನ್ನು ಮಾತ್ರ ಮಾರಿದರೆ ಆಗುವುದಿಲ್ಲ ಎಂಬುದು ಪ್ರಾಮಾಣಿಕವಾದ ಉತ್ತರ. ‘ನಿರುಪದ್ರವಿ’ ಎಂಬ ಮಾತು ಹುಟ್ಟಿದ್ದು ಇಲ್ಲಿ, ಈ ಅರ್ಥದಲ್ಲಿ. ಕೊಳ್ಳುವವನಿಗೂ ಮಾರುವವನಿಗೂ ನಡುವಿನ ನ್ಯಾಯವನ್ನು ಆಗ ಯಾರೂ ಕೇಳಿರಲಿಲ್ಲ.

ಆದರೆ ಅದೇ ಅಂಗಡಿಯೊಳಕ್ಕೆ ಅದೇ ೨೦೧೦ರಲ್ಲಿ ಬೀಗಹಾಕಿದ ಪೆಟ್ಟಿಗೆಯೂ ಬಂದಿತ್ತು. ಪೆಟ್ಟಿಗೆಯು ಆಡುತ್ತಾಡುತ್ತ ಉಚಿತವಾಗಿ ಸಿಕ್ಕುವುದು. ಅದರ ಬೀಗದಕೈಗೆ ಮಾತ್ರ ೨ ಡಾಲರು ೪೯ ಸೆಂಟು. ಒಳಗೇನಿದೆಯೆಂಬುದು ತೆರೆದ ಮೇಲೆಯೇ ಗೊತ್ತು. ವಾಲ್ವ್ ಕಂಪೆನಿಯು ೨೦೧೩ನೆಯ ಆಗಸ್ಟಿನಲ್ಲಿ ತನ್ನ ‘ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ ಎಂಬ ಕಾಳಗದ ಆಟಕ್ಕೂ ಇದೇ ಏರ್ಪಾಡನ್ನು ತಂದಿತು. ಬೀಗದಕೈ ತಿರುಗಿದೊಡನೆ ಬಣ್ಣಬಣ್ಣದ ಬಂದೂಕುಗಳ ಸಾಲು ಜಾತ್ರೆಯ ಜೂಜಿನ ಚಕ್ರದಂತೆ ಸುಳಿದುಹೋಗಿ, ಕ್ರಮೇಣ ನಿಧಾನಿಸಿ, ಯಾವುದೋ ಒಂದರ ಮೇಲೆ ನಿಲ್ಲುತ್ತದೆ. ಅಪೂರ್ವವಾದ ಚಾಕು ಆ ಸಾಲಿನಲ್ಲಿ ಸಿಗುವ ಸಂಭವವೆಷ್ಟು? ಸಂಭವದ ಪ್ರಮಾಣವನ್ನು ಪ್ರಕಟಿಸಲೇಬೇಕೆಂದು ಚೀನಾ ಸರ್ಕಾರವು ೨೦೧೭ರಲ್ಲಿ ವಿಧಿಸಿದ ಮೇಲೆ ಅಲ್ಲಿನ ಪ್ರಕಾಶಕರು ಹೊರಗೆಡಹಿದ ಲೆಕ್ಕದಂತೆ ಅದು ನೂರಕ್ಕೆ ೦.೨೬, ಎಂದರೆ ಹೆಚ್ಚುಕಡಮೆ ನಾನೂರು ಪೆಟ್ಟಿಗೆಗೆ ಒಂದು. ನೂರಕ್ಕೆ ಸುಮಾರು ಎಂಬತ್ತು ಪೆಟ್ಟಿಗೆಗಳಲ್ಲಿರುವುದು ಕೆಳದರ್ಜೆಯ ಬಣ್ಣವೇ.

ಇದರ ಜೊತೆಗೆ ಸಂತೆಯೂ ಸೇರಿಕೊಂಡಿತು. ೨೦೧೨ನೆಯ ಡಿಸೆಂಬರಿನಿಂದ ಕಂಪೆನಿಯೇ ನಡೆಸುತ್ತಿರುವ ಪೇಟೆಯಲ್ಲಿ ಆಟಗಾರರು ಇಂಥ ವಸ್ತುಗಳನ್ನು ಪರಸ್ಪರ ಮಾರಬಹುದು. ಪ್ರತಿಯೊಂದು ಮಾರಾಟದಲ್ಲಿಯೂ ಕಂಪೆನಿಗೆ ಪಾಲುಂಟು. ಅಲ್ಲಿಯ ಹಣವನ್ನು ಹೊರಕ್ಕೆ ತೆಗೆಯಲಾಗದು. ಆದರೆ ಹೊರಗಣ ಬೇರೆ ಪೇಟೆಗಳಲ್ಲಿ ಸ್ಕಿನ್ನನ್ನು ಕೊಟ್ಟು ರೊಕ್ಕವನ್ನೇ ಎಣಿಸಿಕೊಳ್ಳಬಹುದು. ೨೦೧೮ರ ಆರಂಭದಲ್ಲಿ ಒಂದು ಬಂದೂಕಿನ ಬಣ್ಣ ೬೦ ಸಾವಿರ ಡಾಲರಿಗೂ ಮೇಲ್ಪಟ್ಟ ಬೆಲೆಗೆ ಮಾರಾಟವಾಯಿತು. (ಇಂಥ ಪೇಟೆಗಳ ಗತಿಯನ್ನು ಅಭ್ಯಸಿಸಲು ವಾಲ್ವ್ ಕಂಪೆನಿಯು ೨೦೧೨ರಲ್ಲಿ ನೇಮಿಸಿಕೊಂಡ ಅರ್ಥಶಾಸ್ತ್ರಜ್ಞ ಯಾನಿಸ್ ವರೂಫಾಕಿಸ್ ಮೂರು ವರ್ಷಗಳಾದ ಮೇಲೆ ಗ್ರೀಸ್ ದೇಶದ ಹಣಕಾಸಿನ ಮಂತ್ರಿಯಾದನು. ಟೊಪ್ಪಿಗೆಯ ಪೇಟೆ ಮಕ್ಕಳಾಟವಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ.)

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಕವಡೆಯನ್ನು ತಿನ್ನಲಾಗದು, ಉಡಲಾಗದು. ಬೇರೆ ಉಪಯೋಗವಿಲ್ಲದ್ದರಿಂದಲೇ ಅದು ಸಂತೆಯಲ್ಲಿ ನಾಣ್ಯವಾಗಿಯೂ ಪಗಡೆಯಲ್ಲಿ ದಾಳವಾಗಿಯೂ ನಿಂತಿತು. ಸ್ಕಿನ್ನಿನ ಕಥೆಯೂ ಹಾಗೆಯೇ. ಆಟದೊಳಗೆ ಅದಕ್ಕೆ ಏನೊಂದು ಕೆಲಸವೂ ಇಲ್ಲದಿರುವುದರಿಂದ ಅದರ ಬೆಲೆಯೆಲ್ಲ ಅದರ ಅಪೂರ್ವತೆಯಲ್ಲಿ, ನೋಡುವವರ ಕಣ್ಣಿನಲ್ಲಿ ನಿಂತಿದೆ. ಯಾವ ಗುಣವನ್ನು ತೋರಿಸಿ ಅದನ್ನು ನಿರುಪದ್ರವಿಯೆಂದರೋ ಆ ಗುಣವೇ ಅದನ್ನು ಜೂಜಿನ ಬಿಲ್ಲೆಯನ್ನಾಗಿ ಮಾಡಿತು. ಹೊರಗಿನ ಎಷ್ಟೋ ತಾಣಗಳು ಸ್ಕಿನ್ನುಗಳನ್ನು ಪಣವಾಗಿ ಇಡಿಸಿಕೊಂಡು ಜೂಜಾಡಿಸಿದುವು. ಹಣವಲ್ಲವಾದ್ದರಿಂದ ಬ್ಯಾಂಕು ಕೇಳಲಿಲ್ಲ, ವಯಸ್ಸನ್ನೂ ಕೇಳುವವರಿಲ್ಲ. ಯೂಟ್ಯೂಬಿನಲ್ಲಿ ಹೆಸರಾಗಿದ್ದ ಇಬ್ಬರು ತರುಣರು ತಾವು ಗೆಲ್ಲುವುದನ್ನು ತೋರಿಸಿ ಜನರನ್ನು ಸೆಳೆದ ತಾಣವೊಂದು ಅವರ ಸ್ವಂತದ್ದೇ ಆಗಿತ್ತೆಂದು ೨೦೧೬ರಲ್ಲಿ ಬಯಲಾಯಿತು. ಅವರ ಮೇಲಿನ ದೂರನ್ನು ಅಮೆರಿಕಾದ ಫೆಡರಲ್ ಟ್ರೇಡ್ ಕಮಿಷನ್ನು ಮರುವರ್ಷ ರಾಜಿಯಲ್ಲಿ ಮುಗಿಸಿತು. ವಾಲ್ವ್ ಕಂಪೆನಿಯು ೨೦೧೬ನೆಯ ಜುಲೈಯಲ್ಲಿ ೨೩ ತಾಣಗಳಿಗೆ ನಿಲ್ಲಿಸಬೇಕೆಂದು ನೋಟೀಸು ಕಳುಹಿಸಿತು. ಅದೇ ಅಕ್ಟೋಬರಿನಲ್ಲಿ ವಾಷಿಂಗ್ಟನ್ ಸಂಸ್ಥಾನದ ಜೂಜುನಿಯಂತ್ರಣ ಮಂಡಲಿಯು ಆ ಕಂಪೆನಿಯನ್ನೇ ಕುರಿತು, ಇಂಥ ಜೂಜಿಗೆ ಎಡೆಗೊಡಬಾರದೆಂದು ಆಜ್ಞಾಪಿಸಿತು. ತಾನು ಯಾವ ಕಾನೂನನ್ನೂ ಮೀರಿಲ್ಲವೆಂದು ಕಂಪೆನಿ ಉತ್ತರವಿತ್ತಿತು.

ಇಷ್ಟಾದರೂ ‘ಉಡುಪು ಮಾತ್ರ’ ಎಂಬ ಮಾತಿನ ಮಾನ ಕುಗ್ಗಲಿಲ್ಲ, ಬದಲಾಗಿ ಏರಿತು. ೨೦೧೭ನೆಯ ನವೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯು ‘ಬ್ಯಾಟಲ್‌ಫ್ರಂಟ್ ೨’ ಎಂಬ ಆಟದ ಪೆಟ್ಟಿಗೆಗಳಲ್ಲಿ ಬಲವನ್ನೇ ಇಟ್ಟು ಮಾರಹೊರಟಾಗ ಜಗತ್ತಿನಾದ್ಯಂತ ಕೂಗೆದ್ದಿತು. ಕಂಪೆನಿಯು ಮಾರಾಟವನ್ನು ನಿಲ್ಲಿಸಿ, ೨೦೧೮ರಲ್ಲಿ ಇನ್ನು ಮುಂದೆ ಉಡುಪುಗಳನ್ನು ಮಾತ್ರ, ಅದೂ ನೇರವಾಗಿ, ಮಾರುವೆನೆಂದಿತು. ಹೀಗೆ ಉಡುಪಿನ ವ್ಯಾಪಾರವು ಪ್ರಾಯಶ್ಚಿತ್ತದ ಸ್ಥಾನಕ್ಕೇರಿತು. ಅದೇ ೨೦೧೮ನೆಯ ಏಪ್ರಿಲಿನಲ್ಲಿ ಬೆಲ್ಜಿಯಂ ದೇಶದ ಜೂಜು ಆಯೋಗವು, ಹಣ ತೆತ್ತು ತೆರೆಯುವ ಪೆಟ್ಟಿಗೆಗಳು ಜೂಜೇ ಸರಿಯೆಂದು ಮೂರು ಆಟಗಳ ವಿಷಯದಲ್ಲಿ ತೀರ್ಮಾನಿಸಿತು. ಅವುಗಳಲ್ಲಿ ‘ಓವರ್‌ವಾಚ್’ ಎಂಬುದರ ಪೆಟ್ಟಿಗೆಯಲ್ಲಿ ಉಡುಪು ಮೊದಲಾದ ಅಲಂಕಾರಗಳಲ್ಲದೆ ಬೇರೇನೂ ಇರಲಿಲ್ಲ. ಪಣವುಂಟೆ, ಅದೃಷ್ಟವುಂಟೆ, ಲಾಭನಷ್ಟವುಂಟೆ ಎಂದು ಆಯೋಗವು ಕೇಳಿತೇ ಹೊರತು ಗೆದ್ದ ವಸ್ತುವಿನಿಂದ ಎದುರಾಳಿಗೆ ಪೆಟ್ಟಾಯಿತೆ ಎಂದು ಕೇಳಲಿಲ್ಲ. ನೆದರ್‌ಲೆಂಡ್ಸಿನ ಅಧಿಕಾರಿಗಳು, ಗೆದ್ದುದನ್ನು ಮಾರಬರುವಂತಿದ್ದರೆ ಮಾತ್ರ ಜೂಜೆಂದರು. ಅಲ್ಲಿಯ ಉಚ್ಚ ಆಡಳಿತ ನ್ಯಾಯಾಲಯವು ೨೦೨೨ರಲ್ಲಿ, ಒಂದು ಕಾಲ್ಚೆಂಡಿನ ಆಟದ ಪೆಟ್ಟಿಗೆಗಳ ಮೊಕದ್ದಮೆಯಲ್ಲಿ, ಪೆಟ್ಟಿಗೆಯು ಕೌಶಲದ ಆಟದೊಳಗಣ ಒಂದು ಅಂಗವೆಂದು ಹೇಳಿ ೧ ಕೋಟಿ ಯೂರೋ ದಂಡವನ್ನು ತೆಗೆದುಹಾಕಿತು.

ಹಾಗಾದರೆ ಪೆಟ್ಟಿಗೆಯನ್ನು ತೆಗೆದುಬಿಟ್ಟರೆ ಸಾಕಲ್ಲವೆ ಎಂದು ಕೇಳಬಹುದು. ಈ ಪ್ರಶ್ನೆಗೆ ‘ಫೋರ್ಟ್‌ನೈಟ್’ ಎಂಬ ಆಟದ ಇತಿಹಾಸವೇ ಉತ್ತರ. ೨೦೧೭ನೆಯ ಸೆಪ್ಟೆಂಬರಿನಲ್ಲಿ ಉಚಿತವಾಗಿ ಹೊರಬಂದ ಇದರ ಸಮೂಹಕಾಳಗದಲ್ಲಿ ಅದೃಷ್ಟದ ಪೆಟ್ಟಿಗೆ ಮಾರಾಟಕ್ಕಿರಲಿಲ್ಲ. ಕೊಳ್ಳುವ ಅಂಗಿಯು ಕಣ್ಣೆದುರಿಗೇ ಇರುತ್ತದೆ. ಅದನ್ನು ಮರಳಿ ಮಾರುವ ಪೇಟೆಯೂ ಇಲ್ಲ. ಇಷ್ಟು ಶುದ್ಧವಾದ ಅಂಗಡಿಯು ೨೦೧೮ ಮತ್ತು ೨೦೧೯ ಎಂಬ ಎರಡೇ ವರ್ಷಗಳಲ್ಲಿ ೯೦೦ ಕೋಟಿ ಡಾಲರಿಗೂ ಹೆಚ್ಚು ಗಳಿಸಿತೆಂದು, ಆಪಲ್ ಕಂಪೆನಿಯೊಡನೆ ೨೦೨೧ರಲ್ಲಿ ನಡೆದ ವ್ಯಾಜ್ಯದ ಕಾಗದಪತ್ರಗಳಿಂದ ತಿಳಿದುಬಂದಿತು. ಅಂಗಡಿಯ ಸಾಮಾನು ದಿನದಿನಕ್ಕೆ ಬದಲಾಗುತ್ತಿತ್ತು. ಗಡಿಯಾರವೊಂದು ಉಳಿದ ಗಂಟೆಗಳನ್ನು ಎಣಿಸುತ್ತಿತ್ತು. ಇಂದು ಕೊಳ್ಳದ ಅಂಗಿ ಮತ್ತೆಂದು ಬರುವುದೋ ಯಾರೂ ಹೇಳರು.

ಮಕ್ಕಳ ಪ್ರಪಂಚದಲ್ಲಿ ಇದರ ಪರಿಣಾಮ ಹೇಗಾಯಿತೆಂಬುದನ್ನು ಇಂಗ್ಲೆಂಡಿನ ಮಕ್ಕಳ ಕಮಿಷನರು ೨೦೧೯ರಲ್ಲಿ ಪ್ರಕಟಿಸಿದ ವರದಿಯಿಂದ ಅರಿಯಬಹುದು. ಏನನ್ನೂ ಕೊಳ್ಳದೆ ಆಟವು ಕೊಟ್ಟ ಮೊದಲ ಉಡುಪಿನಲ್ಲಿಯೇ ಆಡುವವನಿಗೆ ‘ಡಿಫಾಲ್ಟ್’ ಎಂಬ ಹೆಸರು ಬಿತ್ತು; ಅದು ಶಾಲೆಯಲ್ಲಿ ಬೈಗುಳವಾಯಿತು. ಬಡವನೆಂದು, ಒರಟನೆಂದು, ಆಡಬಾರದವನೆಂದು ಮಕ್ಕಳು ಮಕ್ಕಳನ್ನು ಹೀಯಾಳಿಸಿದರು. ಹತ್ತು ವರ್ಷದ ಹುಡುಗನಿಗೆ ಇದು ಅಂಗಿಯ ಮಾತಾಗಿ ಉಳಿಯುವುದೆ? ಕಣದಲ್ಲಿ ಎಲ್ಲರೂ ಸಮಬಲರು ನಿಜ. ಆದರೆ ಹುಡುಗರು ಬಾಳುವುದು ಕಣದಲ್ಲಿ ಮಾತ್ರವಲ್ಲ, ಮರುದಿನದ ಶಾಲೆಯ ಅಂಗಳದಲ್ಲಿಯೂ ಕೂಡ.

ರಾಜ್ಯಾಧಿಕಾರಗಳು ಕೊನೆಗೆ ಕೈಹಾಕಿದ್ದು ಬಟ್ಟೆಯ ಮೇಲಲ್ಲ, ಮಾರುವ ರೀತಿಯ ಮೇಲೆ. ೨೦೨೨ನೆಯ ಡಿಸೆಂಬರಿನಲ್ಲಿ ಅಮೆರಿಕಾದ ಅದೇ ಟ್ರೇಡ್ ಕಮಿಷನ್ನು ಎಪಿಕ್ ಕಂಪೆನಿಯಿಂದ ೫೨ ಕೋಟಿ ಡಾಲರನ್ನು ಒಪ್ಪಿಸಿಕೊಂಡಿತು. ಅದರಲ್ಲಿ ೨೭.೫ ಕೋಟಿ ಮಕ್ಕಳ ಖಾಸಗಿ ವಿವರಗಳ ಸಂಬಂಧದ ದಂಡ, ಉಳಿದ ೨೪.೫ ಕೋಟಿ, ಒಂದೇ ಗುಂಡಿಯ ಒತ್ತಿನಿಂದ ತಮಗರಿಯದೆಯೇ ಹಣ ಕಳೆದುಕೊಂಡವರಿಗೂ, ತಮ್ಮ ಮಕ್ಕಳು ಕೇಳದೆ ಕೊಂಡುದಕ್ಕೆ ಬಿಲ್ಲು ತೆತ್ತ ತಾಯಿತಂದೆಗಳಿಗೂ ಮರಳಿಸತಕ್ಕ ಮೊತ್ತ. ನೆದರ್‌ಲೆಂಡ್ಸಿನ ಗ್ರಾಹಕರಕ್ಷಣಾಧಿಕಾರವು ೨೦೨೪ನೆಯ ಮೇ ತಿಂಗಳಲ್ಲಿ ಇನ್ನೂ ಹತ್ತಿರಕ್ಕೆ ಬಂದಿತು. ‘ಈಗಲೇ ಕೊಳ್ಳು’ ಎಂದು ಮಕ್ಕಳಿಗೆ ನೇರವಾಗಿ ಆಜ್ಞೆ ಮಾಡುವ ಜಾಹೀರಾತು, ಗಡಿಯಾರ ಮುಗಿದ ಮೇಲೂ ಎಷ್ಟೋ ವಸ್ತುಗಳು ಅಂಗಡಿಯಲ್ಲಿಯೇ ಉಳಿಯುತ್ತಿದ್ದುದು, ಇವೆರಡನ್ನೂ ಎತ್ತಿಹೇಳಿ ೧೧ ಲಕ್ಷ ೨೫ ಸಾವಿರ ಯೂರೋ ದಂಡ ವಿಧಿಸಿತು. ಕಂಪೆನಿಯು ತೀರ್ಪನ್ನು ಒಪ್ಪಲಿಲ್ಲವಾದರೂ, ೪೮ ಗಂಟೆಗಿಂತ ಕಡಮೆ ಕಾಲ ಇರುವ ಸಾಮಾನನ್ನು ಆ ದೇಶದ ಹದಿನೆಂಟು ತುಂಬದವರಿಗೆ ತೋರಿಸದಿರುವ ಕ್ರಮವನ್ನು ತಂದಿತು. ಉಡುಪು ಅದೇ, ಬೆಲೆ ಅದೇ. ಅವಸರ ಮಾತ್ರ ಹೋಯಿತು.

ಪೇಟೆಯನ್ನು ನಂಬಿ ಸ್ಕಿನ್ನುಗಳಲ್ಲಿ ದುಡ್ಡು ಹೂಡಿದ ದೊಡ್ಡವರ ಪಾಡನ್ನೂ ಒಂದು ಮಾತಿನಲ್ಲಿ ಹೇಳಿಬಿಡೋಣ. ೨೦೨೫ನೆಯ ಅಕ್ಟೋಬರ್ ೨೨ರಂದು ವಾಲ್ವ್ ಕಂಪೆನಿಯು ಒಂದು ನಿಯಮವನ್ನು ಮಾರ್ಪಡಿಸಿ, ಕೆಳಗಿನ ದರ್ಜೆಯ ಐದು ವಸ್ತುಗಳನ್ನು ಕೊಟ್ಟು ಅಪೂರ್ವವಾದ ಚಾಕನ್ನು ಪಡೆಯಬಹುದೆಂದಿತು. ಒಂದೆರಡು ದಿನಗಳೊಳಗೆ ಕೌಂಟರ್-ಸ್ಟ್ರೈಕ್ ಸ್ಕಿನ್ನುಗಳ ಒಟ್ಟು ಬೆಲೆ ೧೦೦ ಕೋಟಿ ಡಾಲರಿಗೂ ಹೆಚ್ಚು ಕುಸಿಯಿತೆಂದು ಅಂದಾಜು. ಟಂಕಸಾಲೆಯೂ ಸಂತೆಯೂ ಒಬ್ಬನದೇ ಆಗಿರುವಲ್ಲಿ ಇದರಲ್ಲಿ ಸೋಜಿಗವೇನಿದೆ?

ನಮ್ಮ ದೇಶದಲ್ಲಿ ೨೦೨೫ನೆಯ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾನೂನು, ಹಣ ಗೆಲ್ಲುವ ಆಸೆಯಿಂದ ಪಣವೊಡ್ಡಿ ಆಡುವ ಆಟಗಳನ್ನು ನಿಷೇಧಿಸಿ, ಹಣಕೊಟ್ಟು ಪಡೆದ ಕೃತಕ ನಾಣ್ಯಗಳನ್ನೂ ವಸ್ತುಗಳನ್ನೂ ‘ಪಣ’ದ ಅರ್ಥದೊಳಗೆ ಸೇರಿಸಿದೆ. ಮರಳಿ ಮಾರಲಾಗದ ಅಂಗಿಯೊಂದನ್ನು ಅಂಗಿಗಾಗಿಯೇ ಕೊಳ್ಳುವ ವ್ಯಾಪಾರವು ಇದರ ಹೊರಗೇ ಉಳಿಯುತ್ತದೆಂದು ನಮಗೆ ತೋರುತ್ತದೆ. ಗಡಿಯಾರದ ಮಾತನ್ನಂತೂ ಈ ಕಾನೂನು ಎತ್ತುವುದಿಲ್ಲ. ಹುಡುಗರು ಬಿ.ಜಿ.ಎಂ.ಐ. ಎಂದು ಕರೆಯುವ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ೨೦೨೧ರಲ್ಲಿ ಹೊರಬರುವಾಗ, ಕೊರಿಯಾದ ಕ್ರಾಫ್ಟನ್ ಕಂಪೆನಿಯು ಹದಿನೆಂಟು ತುಂಬದವರ ಹಿತಕ್ಕಾಗಿ ಒಂದು ಮಿತಿಯನ್ನು ತಾನಾಗಿಯೇ ಸಾರಿತು. ಆ ಮಿತಿ ದಿನವೊಂದಕ್ಕೆ ೭,೦೦೦ ರೂಪಾಯಿ.