ವೈನರಿಗೂ ಡಿಸ್ಟಿಲರಿಗೂ ಏನು ವ್ಯತ್ಯಾಸ? ವೈನ್ ಬರೀ ಹಣ್ಣಿನ ರಸವೇ?

‘ವೈನ್ ಡಿಸ್ಟಿಲರಿಯಲ್ಲಿ ತಯಾರಾಗುವುದಿಲ್ಲ. ಅದು ದ್ರಾಕ್ಷಿ ರಸ ಅಷ್ಟೇ, ಆರೋಗ್ಯಕ್ಕೆ ಒಳ್ಳೆಯದು’ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಇದರ ಮೊದಲ ವಾಕ್ಯ ಸರಿ. ಉಳಿದದ್ದು ತಪ್ಪು. ಏಕೆ ಎಂದು ನೋಡೋಣ.

ವೈನರಿಯಲ್ಲಿ ಏನಾಗುತ್ತದೆ?

ದ್ರಾಕ್ಷಿಯನ್ನು ಹಿಂಡಿ, ರಸವನ್ನು ಹುದುಗಲು ಬಿಡುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ರಸದಲ್ಲಿರುವ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಉಂಟುಮಾಡುತ್ತದೆ. ಆಲ್ಕೋಹಾಲ್ ಸುಮಾರು ಶೇ. 15 ತಲುಪುವ ಹೊತ್ತಿಗೆ ಹೆಚ್ಚಿನ ಯೀಸ್ಟ್‌ಗಳು ಕೆಲಸ ನಿಲ್ಲಿಸುತ್ತವೆ. ಹಾಗಾಗಿ ಸಾಮಾನ್ಯ ವೈನ್‌ನಲ್ಲಿ ಶೇ. 12ರಿಂದ 14ರಷ್ಟು ಆಲ್ಕೋಹಾಲ್ ಇರುತ್ತದೆ. ನಂದಿಬೆಟ್ಟದ ಆಸುಪಾಸಿನಲ್ಲಿ, ಮಹಾರಾಷ್ಟ್ರದ ನಾಸಿಕ್‌ನಲ್ಲಿ ಇಂಥ ವೈನರಿಗಳಿವೆ.

ಡಿಸ್ಟಿಲರಿಯಲ್ಲಿ?

ಇಲ್ಲಿಯೂ ಮೊದಲ ಹಂತ ಹುದುಗಿಸುವುದೇ. ಆದರೆ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಹುದುಗಿದ ದ್ರವವನ್ನು ಕಾಯಿಸುತ್ತಾರೆ. ಆಲ್ಕೋಹಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100 ಡಿಗ್ರಿಯಲ್ಲಿ. ಹೀಗಾಗಿ ಮೇಲೇಳುವ ಆವಿಯಲ್ಲಿ ಆಲ್ಕೋಹಾಲ್ ಪಾಲು ಹೆಚ್ಚಿರುತ್ತದೆ. ಅದನ್ನು ತಣಿಸಿ ಹಿಡಿಯುವುದೇ ಭಟ್ಟಿ ಇಳಿಸುವುದು. ಧಾನ್ಯದಿಂದ ವಿಸ್ಕಿ, ಕಬ್ಬಿನ ಕಾಕಂಬಿಯಿಂದ ರಮ್ ಬರುತ್ತದೆ. ವೈನನ್ನೇ ಭಟ್ಟಿ ಇಳಿಸಿದರೆ ಬ್ರಾಂದಿ! 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಒಂದು ಡಿಸ್ಟಿಲರಿ.

ಹಾಗಾದರೆ ವೈನ್ ಅಪಾಯವಿಲ್ಲವೇ?

ಭಟ್ಟಿ ಇಳಿಸುವುದರಿಂದ ಆಲ್ಕೋಹಾಲ್ ಹುಟ್ಟುವುದಿಲ್ಲ, ಇರುವುದೇ ಸಾಂದ್ರವಾಗುತ್ತದೆ. ಲೆಕ್ಕ ಹಾಕಿ: ಶೇ. 12ರ ವೈನ್ 150 ಮಿಲಿಲೀಟರ್ ಕುಡಿದರೆ 18 ಮಿಲಿಲೀಟರ್ ಆಲ್ಕೋಹಾಲ್ ಹೊಟ್ಟೆ ಸೇರುತ್ತದೆ. ಶೇ. 42.8ರ ವಿಸ್ಕಿ 45 ಮಿಲಿಲೀಟರ್ ಕುಡಿದರೆ ಸುಮಾರು 19. ಹೆಚ್ಚು ಕಡಿಮೆ ಒಂದೇ! ಆಲ್ಕೋಹಾಲ್ ಕ್ಯಾನ್ಸರ್‌ಕಾರಕ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

‘ನೀಲಿ ಜ್ವಾಲೆ ಬಂದರೆ ಶುದ್ಧ’ ಎಂಬುದು ನಿಜವೇ?

ಇಲ್ಲ. ಇದು ಜೀವಕ್ಕೇ ಕುತ್ತು ತರುವ ನಂಬಿಕೆ. ಕಳ್ಳಬಟ್ಟಿಗೆ ಬೆರೆಸುವ ವಿಷಕಾರಿ ಮೆಥನಾಲ್ ಕೂಡ ತಿಳಿ ನೀಲಿಯಾಗಿಯೇ ಉರಿಯುತ್ತದೆ. ವಾಸನೆ, ರುಚಿಯಿಂದಲೂ ಅದನ್ನು ಗುರುತಿಸಲಾಗದು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಹಾಳುಮಾಡುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದರು.

ಕುಡಿದ ಹಲವು ಗಂಟೆಗಳ ನಂತರ, ಮರುದಿನವೂ ಆಗಬಹುದು, ಕಣ್ಣು ಮಂಜಾದರೆ, ವಾಂತಿ, ಹೊಟ್ಟೆನೋವು, ಉಸಿರಾಟದ ತೊಂದರೆ ಕಂಡರೆ ‘ಹ್ಯಾಂಗೋವರ್’ ಎಂದು ಮಲಗಿಸಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ತಲುಪಿದರೆ ಪ್ರತಿವಿಷ, ಡಯಾಲಿಸಿಸ್‌ನಿಂದ ಕಣ್ಣು ಮತ್ತು ಜೀವ ಎರಡನ್ನೂ ಉಳಿಸಲು ಸಾಧ್ಯ.

ನಮ್ಮ ತೀರ್ಮಾನ: ವೈನರಿ ಹುದುಗಿಸುತ್ತದೆ, ಡಿಸ್ಟಿಲರಿ ಹುದುಗಿಸಿ ಭಟ್ಟಿ ಇಳಿಸುತ್ತದೆ. ಎರಡರಲ್ಲಿ ಬರುವುದೂ ಮದ್ಯವೇ. ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಬದಲು ಇದನ್ನು ಕಳುಹಿಸಿ.