ಗಡ್ಡೆ

ಭಟ್ಕಳದ ಮುಟ್ಟಳ್ಳಿಯ ಹಿತ್ತಿಲಲ್ಲಿ ಸುವರ್ಣಗಡ್ಡೆ ಅಗೆದು ಮಣ್ಣು ಕೊಡವಿದಾಗ ಕೈಗೆ ಸಿಗುವುದೂ ಗಡ್ಡೆ, ಮಿದುಳಿನ ಸ್ಕ್ಯಾನಿನಲ್ಲಿ ಕಾಣುವುದೂ ಗಡ್ಡೆ. ತೆಲುಗಿನ ‘ಗಡ್ಡ’ಕ್ಕೂ ಈ ಎರಡು ಅರ್ಥಗಳಿವೆ. ಟ್ಯೂಮರ್ ಎಂಬುದು ಲ್ಯಾಟಿನ್ನಿನಲ್ಲಿ ಬರೀ ಊತ. ನಮ್ಮ ಮಾತಿನಲ್ಲಿ ಬೆಳೆಯುವ ಜೀವವಿದೆ, ನನಗೆ ಇದೇ ಹೆಚ್ಚು ನಿಜವೆನಿಸುತ್ತದೆ.

ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳುಗಡ್ಡೆ ರಕ್ತದ ಪೂರೈಕೆ ಮೀರಿ ಬೆಳೆದಾಗ ನಡುವಿನ ಕೋಶಗಳಿಗೆ ಆಮ್ಲಜನಕ ಸಾಲದಾಗುತ್ತದೆ. ಹಲವು ಸಾಯುತ್ತವೆ. ಉಳಿದವುಗಳಲ್ಲಿ ಎಚ್‌ಐಎಫ್-1 ಎಂಬ ಪ್ರೋಟೀನು ಎಚ್ಚೆತ್ತು ಹೊಸ ರಕ್ತನಾಳಗಳನ್ನು ಕರೆಸುತ್ತದೆ, ಕೋಶಗಳನ್ನು ಗುಳೆ ಎಬ್ಬಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಸತ್ತ ಜಾಗದ ಸುತ್ತ ಅವು ಬೇಲಿಗೂಟಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಕೋಶಗಳು ಆಮ್ಲಜನಕದ ಕೊರತೆಯನ್ನು ಅರಿಯುವ ಬಗೆ ಕಂಡುಹಿಡಿದವರಿಗೆ 2019ರ ನೊಬೆಲ್ ಬಂತು. ಮಣ್ಣಲ್ಲಿ ಉಳಿದ ಮರಿಗಡ್ಡೆ ಮಳೆಗೆ ಚಿಗುರುವಂತೆ, ಶಸ್ತ್ರಚಿಕಿತ್ಸೆಯ ಬಳಿಕವೂ ಹೀಗೆ ಚದುರಿದ ಕೋಶಗಳಿಂದ ಮಿದುಳುಗಡ್ಡೆ ಮತ್ತೆ ಮೂಡುತ್ತದೆ.